ಅಂಗಾಂಶದ ಅಣುಚಿತ್ರ

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಬುಕ್ಕರಾಯನ ಕಾಲದ, 1368ನೆಯ ಇಸವಿಯ ಶಾಸನವೊಂದು ದೊರೆತಿದೆ. ಜೈನರಿಗೂ ಶ್ರೀವೈಷ್ಣವರಿಗೂ ಅರಸನು ಮಾಡಿಸಿದ ಒಡಂಬಡಿಕೆಯನ್ನು ಅದು ತಿಳಿಸುತ್ತದೆ. ಅದರ ಅಕ್ಷರಗಳನ್ನೆಲ್ಲ ಬಿಡಿಬಿಡಿಯಾಗಿ ಕಿತ್ತು ಗುಡ್ಡೆ ಹಾಕಿದರೆ ಯಾವ ಅಕ್ಷರ ಎಷ್ಟಿದೆಯೆಂದು ಎಣಿಸಬಹುದು; ಒಡಂಬಡಿಕೆ ಏನೆಂಬುದು ಮಾತ್ರ ತಿಳಿಯದು. ಅಕ್ಷರಕ್ಕೆ ಅರ್ಥ ಬರುವುದು ಅದು ನಿಂತ ಸ್ಥಾನದಿಂದ. ದೇಹದ ಅಂಗಾಂಶದಲ್ಲಿರುವ ಅಣುಗಳ ವಿಷಯವೂ ಹೀಗೆಯೇ.

ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಉಪಕರಣವೇ ದ್ರವ್ಯರಾಶಿ ರೋಹಿತಮಾಪಕ. 2014ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರೊಡನೆ ಕೂಡಿ, ಇಂತಹ ಉಪಕರಣದಿಂದ ಮಾನವದೇಹದ 30 ಬಗೆಯ ಅಂಗಾಂಶ ಹಾಗೂ ಜೀವಕೋಶಗಳನ್ನು ಪರೀಕ್ಷಿಸಿ, 17,294 ಜೀನುಗಳಿಗೆ ಸೇರಿದ ಪ್ರೋಟೀನುಗಳನ್ನು ಗುರುತಿಸಿದರು. ಇದು ಮಹತ್ತ್ವದ ಸಾಧನೆ. ಆದರೆ ಇಂತಹ ಪರೀಕ್ಷೆಗೆ ಅಂಗಾಂಶವನ್ನು ಒಡೆದು ದ್ರಾವಣವಾಗಿಸಬೇಕು. ಆಗ ಅದರಲ್ಲಿ ಏನೇನಿದೆಯೆಂಬುದು ತಿಳಿಯುತ್ತದೆ. ಯಾವುದು ಎಲ್ಲಿತ್ತೆಂಬುದು ಅಳಿಸಿಹೋಗುತ್ತದೆ.

ಕ್ಯಾನ್ಸರ್ ರೋಗದಲ್ಲಿ ‘ಎಲ್ಲಿ’ ಎಂಬುದು ಬಹು ಮುಖ್ಯವಾದ ಪ್ರಶ್ನೆ. ನಾಲಗೆಯ ಗಂತಿಯನ್ನು ತೆಗೆಯುವ ಶಸ್ತ್ರವೈದ್ಯರು ರೋಗದ ಅಂಚನ್ನು ಅರಿಯಬೇಕು. ಕೊಂಚ ಉಳಿದರೆ ರೋಗ ಮರುಕಳಿಸಬಹುದು. ಹೆಚ್ಚು ಕತ್ತರಿಸಿದರೆ ಮಾತು, ನುಂಗುವ ಶಕ್ತಿ ಕುಂದಬಹುದು.

ಅಣುವಿನ ಸ್ಥಾನವನ್ನೂ ತಿಳಿಸುವ ಚಿತ್ರಣ ವಿಧಾನವೊಂದನ್ನು 1997ರಲ್ಲಿ ಅಮೆರಿಕದ ರಿಚರ್ಡ್ ಕ್ಯಾಪ್ರಿಯೋಲಿ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಇದರಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾದ ಅಂಗಾಂಶದ ಪದರಕ್ಕೆ, ಬೆಳಕನ್ನು ಹೀರುವ ರಾಸಾಯನಿಕವೊಂದನ್ನು ಲೇಪಿಸುತ್ತಾರೆ. ಚೌಕುಳಿಯ ಮನೆಗಳಂತೆ ಒಂದೊಂದು ಬಿಂದುವಿಗೂ ಲೇಸರ್ ಕಿರಣವನ್ನು ಹಾಯಿಸುತ್ತಾರೆ. ಅಲ್ಲಿಯ ಅಣುಗಳು ವಿದ್ಯುದಂಶ ಪಡೆದು, ಅಯಾನುಗಳಾಗಿ ಮೇಲೇಳುತ್ತವೆ; ನಿರ್ವಾತ ನಳಿಕೆಯೊಂದರಲ್ಲಿ ಧಾವಿಸುತ್ತವೆ. ವಿದ್ಯುದಂಶ ಸಮವಾಗಿದ್ದರೆ ಹಗುರವಾದವು ಮೊದಲು, ಭಾರವಾದವು ಅನಂತರ ಗುರಿ ಮುಟ್ಟುತ್ತವೆ. ಆ ಕಾಲವನ್ನು ಅಳೆದು ದ್ರವ್ಯರಾಶಿಯನ್ನು ತಿಳಿಯುತ್ತಾರೆ. ಬಳಿಕ ಒಂದು ಅಣುವನ್ನು ಆರಿಸಿ, ಅದು ಹೆಚ್ಚಾಗಿರುವ ಬಿಂದುಗಳಿಗೆ ಗಾಢವಾದ ಬಣ್ಣವನ್ನೂ ಕಡಿಮೆಯಿರುವಲ್ಲಿ ತಿಳಿಬಣ್ಣವನ್ನೂ ಗಣಕಯಂತ್ರವು ತುಂಬಿದರೆ ಅಣುಚಿತ್ರ ಮೂಡುತ್ತದೆ.

ಗಂತಿಯ ಜೀವಕೋಶಗಳಲ್ಲಿ ಕೊಬ್ಬಿನ ಅಣುಗಳ ಪ್ರಮಾಣ ಆರೋಗ್ಯವಂತ ಕೋಶಗಳಿಗಿಂತ ಬೇರೆಯಾಗಿರುವುದುಂಟು. ಅಂತಹ ವ್ಯತ್ಯಾಸ ಈ ಚಿತ್ರದಲ್ಲಿ ಎದ್ದು ಕಾಣುತ್ತದೆ. ಕೊಟ್ಟ ಔಷಧ ಗಂತಿಯ ಒಳಭಾಗವನ್ನು ತಲುಪಿತೇ ಎಂಬುದನ್ನೂ ಹೀಗೆ ಸಂಶೋಧಕರು ಪರೀಕ್ಷಿಸುತ್ತಾರೆ. ಆದರೆ ಈ ವಿಧಾನ ಸೂಕ್ಷ್ಮದರ್ಶಕವನ್ನು ಮೂಲೆಗೊತ್ತಿಲ್ಲ. ಯಾವ ಬಣ್ಣದ ಭಾಗ ಗಂತಿ, ಯಾವುದು ಅಲ್ಲ ಎಂದು ನಿರ್ಣಯಿಸಲು ರೋಗಶಾಸ್ತ್ರಜ್ಞರ ಅನುಭವಿ ಕಣ್ಣು ಬೇಕೇ ಬೇಕು.

ಎಷ್ಟೇ ಸೂಕ್ಷ್ಮವಾದ ಉಪಕರಣವಾದರೂ ತನ್ನ ಬಳಿಗೆ ಬಂದ ತುಣುಕನ್ನು ಮಾತ್ರ ಪರೀಕ್ಷಿಸಬಲ್ಲದು. ಹೊಗೆಸೊಪ್ಪನ್ನು ತ್ಯಜಿಸುವುದು, ಬಾಯಲ್ಲಿ ಮಾಯದ ಹುಣ್ಣು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗುವುದು, ಇವು ಜನರೇ ಮಾಡಬೇಕಾದ ಕೆಲಸಗಳು.