ಜಾಗ ಸಾಕಷ್ಟಿದ್ದರೆ ಸಾಲದು, ವಿಳಾಸವೂ ಹೊಂದಬೇಕು

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ ಸಿಗುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು ಅದು. ಅಲ್ಲಿ ಹಣ್ಣಿನ ಕ್ರೇಟುಗಳನ್ನು ತೂಗಿ, ಅಂಗೈಯಗಲದ ಯಂತ್ರವೊಂದರಲ್ಲಿ ದಾಖಲಿಸಿ, ರೈತರಿಗೆ ಹಣ ಲೆಕ್ಕ ಹಾಕುವ ವ್ಯವಸ್ಥೆಯೊಂದನ್ನು ಊಹಿಸಿಕೊಳ್ಳೋಣ. ಒಂದು ದಾಖಲೆಗೆ ಐದು ಬೈಟು. ಮೊದಲ ಬೈಟಿನಲ್ಲಿ ಹಣ್ಣಿನ ದರ್ಜೆ, ಉಳಿದ ನಾಲ್ಕರಲ್ಲಿ ಗ್ರಾಂ ಲೆಕ್ಕದಲ್ಲಿ ತೂಕ.

ಸಿ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು ಕಲಬುರಗಿಯ ಮೇಜಿನ ಕಂಪ್ಯೂಟರಿನಲ್ಲಿ ಪರೀಕ್ಷಿಸಲಾಯಿತು. ಎಲ್ಲವೂ ಸರಿಯಾಗಿತ್ತು. ಆದರೆ ಕಮಲಾಪುರದ ಚಿಕ್ಕ ಯಂತ್ರದಲ್ಲಿ ಅದೇ ಕ್ರಮವಿಧಿ 18.5 ಕಿಲೋ ತೂಕದ ಕ್ರೇಟನ್ನು 33,572 ಕಿಲೋಗೂ ಹೆಚ್ಚು ಎಂದು ತೋರಿಸಿತು! ತಕ್ಕಡಿಯಲ್ಲಿ ದೋಷವಿಲ್ಲ, ಸೂತ್ರವೂ ತಪ್ಪಿಲ್ಲ. ಹಾಗಾದರೆ ತಪ್ಪು ಎಲ್ಲಿ?

ಅಲೈನ್‌ಮೆಂಟ್ ಎಂದರೇನು?

ಕಂಪ್ಯೂಟರಿನ ಸ್ಮೃತಿಯಲ್ಲಿ ಪ್ರತಿ ಬೈಟಿಗೂ ಒಂದು ವಿಳಾಸ ಸಂಖ್ಯೆ ಇರುತ್ತದೆ. ಆದರೆ ಪ್ರೊಸೆಸರ್ ಸಾಮಾನ್ಯವಾಗಿ ಒಂದೊಂದೇ ಬೈಟನ್ನು ತರುವುದಿಲ್ಲ. ನಾಲ್ಕು, ಎಂಟು ಅಥವಾ ಅದಕ್ಕೂ ಹೆಚ್ಚು ಬೈಟುಗಳ ಗುಂಪನ್ನು ಒಮ್ಮೆಗೇ ತರುತ್ತದೆ. ನಾಲ್ಕು ಬೈಟಿನ ಸಂಖ್ಯೆ 1000, 1004, 1008 ಹೀಗೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿ ಆರಂಭವಾದರೆ ಅದು ಒಂದೇ ಗುಂಪಿನಲ್ಲಿ ಸಿಗುತ್ತದೆ. 1001ರಲ್ಲಿ ಆರಂಭವಾದರೆ ಎರಡು ಗುಂಪುಗಳಲ್ಲಿ ಹರಿದುಹೋಗುತ್ತದೆ. ದತ್ತಾಂಶವನ್ನು ಅದರ ಬಗೆಗೆ ತಕ್ಕ ಗಡಿಯಲ್ಲಿ ಕೂರಿಸುವುದೇ ಅಲೈನ್‌ಮೆಂಟ್.

ಗಡಿ ತಪ್ಪಿದಾಗ ಎಲ್ಲ ಪ್ರೊಸೆಸರುಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಇಂಟೆಲ್ ಎಕ್ಸ್86 ಕುಟುಂಬದವು ಸಾಮಾನ್ಯವಾಗಿ ಸಹಿಸಿಕೊಂಡು ಎರಡೂ ತುಂಡುಗಳನ್ನು ಜೋಡಿಸಿಕೊಡುತ್ತವೆ. ಕೆಲವೊಮ್ಮೆ ವೇಗ ತಗ್ಗುತ್ತದೆ, ಅಷ್ಟೆ. ಸ್ಪಾರ್ಕ್ ಪ್ರೊಸೆಸರ್ ಒಪ್ಪದೆ ಕ್ರಮವಿಧಿಯನ್ನೇ ನಿಲ್ಲಿಸುತ್ತದೆ. ಹಳೆಯ ಆರ್ಮ್ ಪ್ರೊಸೆಸರುಗಳದು ಇನ್ನೂ ಅಪಾಯಕಾರಿ ನಡತೆ. ದೋಷ ಹಿಡಿಯುವ ಏರ್ಪಾಟನ್ನು ಚಾಲೂ ಮಾಡಿರದಿದ್ದರೆ ಅವು ಸದ್ದಿಲ್ಲದೆ ತಪ್ಪು ಸಂಖ್ಯೆ ಕೊಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ರೂಪಿಸಿ, 2001ರಲ್ಲಿ ಮಾದರಿಯನ್ನು ಹೊರತಂದ ಸಿಂಪ್ಯೂಟರಿನಲ್ಲಿದ್ದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಈ ಪೀಳಿಗೆಯದು. ನಮ್ಮ ಕಮಲಾಪುರದ ಯಂತ್ರದಲ್ಲಿಯೂ ಅಂಥದೇ ಪ್ರೊಸೆಸರ್ ಇದೆ ಎಂದಿಟ್ಟುಕೊಳ್ಳಿ.

ತೂಕ ಹೆಚ್ಚಿದ್ದು ಹೇಗೆ?

ಬಫರ್ 1000ನೇ ವಿಳಾಸದಲ್ಲಿ ಆರಂಭವಾಗಲಿ. ಅಲ್ಲಿ ದರ್ಜೆ 2 ಇದೆ. 18,500 ಗ್ರಾಂ ಎಂಬುದು 1001ರಿಂದ 1004ರವರೆಗೆ, ಚಿಕ್ಕ ಬೆಲೆಯ ಬೈಟು ಮೊದಲು ಬರುವಂತೆ, 68, 72, 0, 0 ಎಂದು ಕೂತಿದೆ. (72 × 256 + 68 = 18,500.)

1001ರಿಂದ ಓದು ಎಂದಾಗ ಈ ಪ್ರೊಸೆಸರ್ 1000ರಿಂದ 1003ರವರೆಗಿನ ಗುಂಪನ್ನೇ ತಂದು, ಒಂದು ಬೈಟಿನಷ್ಟು ಚಕ್ರದಂತೆ ತಿರುಗಿಸಿ ಕೊಡುತ್ತದೆ. ಆಗ ಬೈಟುಗಳು 68, 72, 0, 2 ಆಗುತ್ತವೆ. 1004ರಲ್ಲಿದ್ದ ಸೊನ್ನೆಯ ಜಾಗಕ್ಕೆ ದರ್ಜೆಯ 2 ಬಂದು ಕೂತಿತು. ಆ ಸ್ಥಾನದ ಬೆಲೆ 1,67,77,216. ಅದರ ಎರಡರಷ್ಟು ಕೂಡಿ ತೂಕ 3,35,72,932 ಗ್ರಾಂ ಆಯಿತು.

ಇಲ್ಲೊಂದು ಸೂಕ್ಷ್ಮವಿದೆ. ದರ್ಜೆ 0 ಇದ್ದಿದ್ದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು! ಪರೀಕ್ಷೆಗೆಂದು ಸೊನ್ನೆ ತುಂಬಿ ನೋಡಿದವರಿಗೆ ಈ ದೋಷ ಕಾಣುವುದೇ ಇಲ್ಲ.

ಕಚ್ಚಾ ಬಫರಿನ ತೊಡಕು

ದರ್ಜೆ ಮತ್ತು ತೂಕವನ್ನು ಸಿ ಭಾಷೆಯ ಸ್ಟ್ರಕ್ಚರ್ ಆಗಿ ಘೋಷಿಸಿದರೆ, ಸಾಮಾನ್ಯವಾಗಿ ಕಂಪೈಲರ್ ನಡುವೆ ಮೂರು ಖಾಲಿ ಬೈಟುಗಳನ್ನು ಸೇರಿಸಿ ತೂಕವನ್ನು ಸರಿಯಾದ ಗಡಿಗೆ ತರುತ್ತದೆ. ಐದು ಬೈಟಿನ ದಾಖಲೆ ಎಂಟು ಬೈಟಾಗುತ್ತದೆ. ಆದರೆ ಬರಿಯ ಬೈಟುಗಳ ಸರಣಿಯಾಗಿ, ಅಂದರೆ ಕ್ಯಾರೆಕ್ಟರ್ ಅರೇ ಆಗಿ, ಬಫರ್ ಘೋಷಿಸಿದಾಗ ಕಂಪೈಲರಿಗೆ ಒಳಗೇನು ಬರಲಿದೆ ಎಂಬುದು ತಿಳಿಯದು. ಅದು ಗಾತ್ರದ ಭರವಸೆ ಕೊಡುತ್ತದೆ. ಒಂದು ಬೈಟಿನ ಗಡಿಗಿಂತ ಹೆಚ್ಚಿನ ಭರವಸೆ ಕೊಡುವುದಿಲ್ಲ. ಅಂಥ ವಿಳಾಸವನ್ನು ಬಲವಂತವಾಗಿ ನಾಲ್ಕು ಬೈಟಿನ ಸಂಖ್ಯೆಯ ಪಾಯಿಂಟರ್ ಆಗಿ ಬದಲಿಸಿದರೆ, ತಪ್ಪಿನ ಹೊಣೆ ನಮ್ಮದು.

ಎಲ್ಲ ಯಂತ್ರಗಳಿಗೂ ಸಲ್ಲುವ ಪರಿಹಾರ

ಮೊದಲೆಲ್ಲ ಬಫರನ್ನು ಲಾಂಗ್, ಡಬಲ್, ಪಾಯಿಂಟರುಗಳ ಜೊತೆ ಒಂದೇ ಯೂನಿಯನ್ನಿನಲ್ಲಿ ಸೇರಿಸುವ ಉಪಾಯವಿತ್ತು. ಅವುಗಳಲ್ಲಿ ಅತಿ ಕಟ್ಟುನಿಟ್ಟಾದ ಗಡಿ ಬಫರಿಗೂ ದೊರೆಯುತ್ತಿತ್ತು. 2011ರ ಸಿ ಮತ್ತು ಸಿ++ ಮಾನಕಗಳು ಇದನ್ನು ಭಾಷೆಯೊಳಗೇ ತಂದವು. ‘ಅಲೈನ್‌ಆಫ್’ ಒಂದು ಬಗೆಗೆ ಬೇಕಾದ ಗಡಿಯನ್ನು ತಿಳಿಸುತ್ತದೆ. ‘ಅಲೈನ್‌ಆ್ಯಸ್’ ಬಫರನ್ನು ಆ ಗಡಿಯಲ್ಲಿ ಕೂರಿಸುತ್ತದೆ. ಗಡಿಯನ್ನು ನಾವೇ ಅಂಕಿಯಾಗಿ ಬರೆಯಬಾರದು. 32 ಬಿಟ್‌ನ ಎಕ್ಸ್86 ಲಿನಕ್ಸಿನಲ್ಲಿ ಸ್ಟ್ರಕ್ಚರಿನೊಳಗಿನ ಡಬಲ್‌ಗೆ 4 ಬೈಟಿನ ಗಡಿ ಸಾಕು. 64 ಬಿಟ್‌ನಲ್ಲಿ 8 ಬೇಕು. ಉತ್ತರ ಹೇಳಬೇಕಾದುದು ಕಂಪೈಲರ್.

ದೊಡ್ಡ ಬಫರಿನ ನಡುವೆ ಜಾಗ ಹಂಚುವಾಗ ವಿಳಾಸವನ್ನು ಮುಂದಿನ ಗಡಿಗೆ ಏರಿಸಬೇಕು. 1001ಕ್ಕೆ 3 ಕೂಡಿಸಿ, 4ರಿಂದ ಭಾಗಿಸಿ, ಶೇಷ ಬಿಟ್ಟು, ಮತ್ತೆ 4ರಿಂದ ಗುಣಿಸಿದರೆ 1004 ಸಿಗುತ್ತದೆ. ಇದಕ್ಕಾಗಿ ಬಫರಿನಲ್ಲಿ ಮೂರು ಬೈಟು ಹೆಚ್ಚುವರಿ ಇರಬೇಕು.

ಆದರೆ ನಮ್ಮ ತೂಕದ ದಾಖಲೆ ಐದು ಬೈಟಿನದೆಂದು ಮೊದಲೇ ನಿಗದಿಯಾಗಿದೆ. ಬಫರಿನ ಆರಂಭ ಎಷ್ಟೇ ಹೊಂದಿದ್ದರೂ ತೂಕ 1001ರಲ್ಲೇ ಇರುತ್ತದೆ. ಇಲ್ಲಿ ಪಾಯಿಂಟರಿನ ಆಟ ಬೇಡ. ‘ಮೆಮ್‌ಕಾಪಿ’ಯಿಂದ ನಾಲ್ಕು ಬೈಟುಗಳನ್ನು ನಾಲ್ಕು ಬೈಟಿನ ಚರವೊಂದಕ್ಕೆ ನಕಲು ಮಾಡಿಕೊಂಡು ಓದಬೇಕು. ಬೈಟುಗಳ ಕ್ರಮವೂ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಬಹುದಾದ್ದರಿಂದ, ಒಂದೊಂದೇ ಬೈಟನ್ನು ಅದರ ಸ್ಥಾನಬೆಲೆಯಿಂದ ಗುಣಿಸಿ ಕೂಡುವುದು ಇನ್ನೂ ಕ್ಷೇಮ.

ಈಗಿನ ಮೊಬೈಲುಗಳ ಆರ್ಮ್ ಪ್ರೊಸೆಸರುಗಳು ಗಡಿ ತಪ್ಪಿದ ಸಾಮಾನ್ಯ ಓದನ್ನು ಸಹಿಸುತ್ತವೆ. ಆದರೆ ಅಗ್ಗದ ಚಿಕ್ಕ ಸಾಧನಗಳಿಗೆಂದು ರೂಪಿಸಿದ ಕಾರ್ಟೆಕ್ಸ್-ಎಂ0 ಸಹಿಸುವುದಿಲ್ಲ. ‘ನನ್ನ ಕಂಪ್ಯೂಟರಿನಲ್ಲಿ ಸರಿಯಿದೆ’ ಎಂಬುದು ಒಂದು ಯಂತ್ರದ ಸಹನೆಗೆ ಸಾಕ್ಷಿ; ಕ್ರಮವಿಧಿ ಸರಿಯಿದೆ ಎನ್ನುವುದಕ್ಕಲ್ಲ. ಕಲಬುರಗಿಯಲ್ಲಿ ಬರೆದದ್ದು ಕಮಲಾಪುರದಲ್ಲಿಯೂ ನಿಜವಾದ ತೂಕವನ್ನೇ ಹೇಳಬೇಕಲ್ಲವೆ?