ನೆಹರು ನಿಲಯ (ನಂದಿಬೆಟ್ಟ)

ನೆಹರು ನಿಲಯವು ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದ ಮೇಲಿರುವ ಅತಿಥಿಗೃಹ. 1834ರಿಂದ 1861ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ ಅವರ ಬೇಸಿಗೆಯ ಬಂಗಲೆ ಇದಾಗಿತ್ತು. ಕಬ್ಬನ್ ಹೌಸ್ ಎಂಬ ಹೆಸರೂ ಉಂಟು.

ಸಮುದ್ರಮಟ್ಟದಿಂದ ಸುಮಾರು 1,478 ಮೀಟರ್ ಎತ್ತರದ ಈ ಬೆಟ್ಟದಲ್ಲಿ ಬೇಸಿಗೆಯಲ್ಲೂ ತಂಪಿರುತ್ತದೆ. ಗಾಂಧೀಜಿಯವರು 1927ರಲ್ಲಿ ವಿಶ್ರಾಂತಿಗಾಗಿ ಇಲ್ಲಿಗೆ ಬಂದುದೂ ಈ ಹವೆಯನ್ನು ನಂಬಿಯೇ. ಆದ್ದರಿಂದ ಬಯಲಿನ ಹೋಟೆಲುಗಳಲ್ಲಿ ಹವಾನಿಯಂತ್ರಣಕ್ಕೆ ತಗಲುವ ವಿದ್ಯುತ್ತು ಇಲ್ಲಿ ಬಹುಮಟ್ಟಿಗೆ ಅನಗತ್ಯ. ಅದು ಮುಖ್ಯವಾಗಿ ಬೇಕಾಗುವುದು ಸ್ನಾನದ ನೀರು ಕಾಯಿಸಲು. ಸೋಲಾರ್ ವಾಟರ್ ಹೀಟರ್ ಸಹಜ ಪರಿಹಾರವೆನಿಸಿದರೂ, ಮಂಜು ಕವಿದ ದಿನಗಳಲ್ಲಿ ಅದೊಂದನ್ನೇ ನಂಬಲಾಗದು.

ಸುಣ್ಣದ ಗಾರೆಯ ಹಳೆಯ ಕಟ್ಟಡಗಳನ್ನು ಆಧುನಿಕ ವಸತಿಗೃಹಗಳನ್ನಾಗಿಸುವಾಗ ಹೆಚ್ಚಿನ ಹಾನಿಯಾಗುವುದು ದುರಸ್ತಿಯ ಹೆಸರಿನಲ್ಲೇ. ಗಾರೆಯ ಗೋಡೆಯು ಹೀರಿದ ತೇವವನ್ನು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗಾರೆ ಸಡಿಲಗೊಳ್ಳುತ್ತದೆ. ಗೋಡೆ ಒದ್ದೆಯಾದ ಕೋಣೆಯನ್ನು ಬೆಚ್ಚಗಿಡಲು ಹೆಚ್ಚು ಶಕ್ತಿಯೂ ವ್ಯಯವಾಗುತ್ತದೆ. ಸುಣ್ಣದ ಗಾರೆಯಿಂದಲೇ ದುರಸ್ತಿ ಮಾಡಿ, ಕಿಟಕಿ ಬಾಗಿಲುಗಳ ಸಂದು ಮುಚ್ಚಿದರೆ ಕಟ್ಟಡಕ್ಕೆ ಪೆಟ್ಟಾಗದು. ಕೆಡವಿ ಹೊಸದಾಗಿ ಕಟ್ಟುವುದಾದರೆ ಇಟ್ಟಿಗೆ, ಸಿಮೆಂಟು, ಕಬ್ಬಿಣಗಳ ತಯಾರಿಕೆಗೂ ಅವನ್ನು ಬೆಟ್ಟದ ಮೇಲೆ ಸಾಗಿಸುವುದಕ್ಕೂ ತಗಲುವ ಇಂಧನವನ್ನು ಸೇರಿಸಿಕೊಳ್ಳಬೇಕು. ವಿದ್ಯುತ್ ಬಿಲ್ಲನ್ನಷ್ಟೇ ನೋಡುವವರ ಲೆಕ್ಕದಲ್ಲಿ ಇದು ಬರುವುದಿಲ್ಲ.