ಹಾಡಿಗೊಂದು ಸ್ವಂತ ವಿಳಾಸ: ಕೋಡ್ ಬರೆಯೋ ನಾವು ಸಂಗೀತಗಾರರಿಗೆ ಏನು ಮಾಡಿಕೊಡಬಹುದು?

ಈ ಸಲದ ಮಾತುಕತೆಯ ಬರಹ ರೂಪ ಇಲ್ಲಿದೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಇದನ್ನೇ ಓದಿಕೊಳ್ಳಬಹುದು.

ನನ್ನ ಚಿಕ್ಕಮ್ಮನ ಮಗ ಧಾರವಾಡದಲ್ಲಿದ್ದಾನೆ. ತಾನೇ ರಾಗ ಹಾಕಿ, ತಾನೇ ಹಾಡಿ, ಮನೆಯಲ್ಲೇ ರೆಕಾರ್ಡ್ ಮಾಡ್ತಾನೆ. ಎಲ್ಲ ಹಾಡುಗಳ ಲಿಂಕನ್ನೂ ಒಂದು ಉಚಿತ ಸೇವೆಯ ಮೂಲಕ ಹಂಚುತ್ತಿದ್ದ. ಪೋಸ್ಟರ್ ಮೇಲಿನ ಕ್ಯೂಆರ್ ಕೋಡ್ ಕೂಡ ಅದೇ. ಒಂದು ದಿನ ಆ ಸೇವೆ ನಿಂತುಹೋಯ್ತು. "ಅಣ್ಣಾ, ಹಾಡೆಲ್ಲಾ ಅದಾವ, ಹೋಗೋ ದಾರೀನ ಬಂದ್ ಆಗೇತಿ" ಅಂತ ಫೋನ್ ಮಾಡಿದ.

ಇದು ಅವನೊಬ್ಬನ ಕಥೆಯಲ್ಲ. ಸರ್ವರ್ ಬದಲಿಸುವಾಗ 2015ಕ್ಕೆ ಮುಂಚಿನ ಹಾಡುಗಳು ಕಳೆದುಹೋದವು ಅಂತ ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. 2020ರ ಜೂನ್ ಕೊನೆಗೆ ನಮ್ಮಲ್ಲಿ ಟಿಕ್‌ಟಾಕ್ ನಿಷೇಧವಾದಾಗ, ಅಲ್ಲಿ ಕೇಳುಗರನ್ನು ಕೂಡಿಸಿಕೊಂಡಿದ್ದವರು ಮತ್ತೆ ಸೊನ್ನೆಯಿಂದ ಶುರುಮಾಡಬೇಕಾಯ್ತು. ಸೋಷಿಯಲ್ ಮೀಡಿಯಾ ಬೇಕು, ಬೇಡ ಅನ್ನಲ್ಲ. ಆದರೆ ಅದು ಬಾಡಿಗೆ ಮನೆ. ವಿಳಾಸ ಮಾತ್ರ ನಮ್ಮದಾಗಿರಬೇಕು. ನಾನು ಅವನಿಗೆ ಮಾಡಿಕೊಟ್ಟಿದ್ದು ಇಷ್ಟೇ.

ಮೊದಲನೆಯದು, ಸ್ವಂತ ಡೊಮೇನ್. ಅದು ಅವನ ಹೆಸರಿನಲ್ಲೇ ಇದೆ, ನನ್ನ ಹೆಸರಿನಲ್ಲಲ್ಲ. ಹ್ಯೂಗೋದಲ್ಲಿ ಒಂದು ಸ್ಟ್ಯಾಟಿಕ್ ಸೈಟ್, ಹಾಡಿಗೊಂದು ಪುಟ, ಆ ಪುಟದಲ್ಲಿ ಯೂಟ್ಯೂಬ್, ಸ್ಪಾಟಿಫೈ ಲಿಂಕುಗಳು. ಗಿಟ್‌ಹಬ್ ಪೇಜಸ್‌ನಲ್ಲಿ ಹೋಸ್ಟಿಂಗ್ ಉಚಿತ. "ಅದೂ ನಾಳೆ ಮುಚ್ಚಿದ್ರೆ?" ಅಂತ ನೀವು ಕೇಳಬಹುದು. ಫೈಲುಗಳು ನಮ್ಮ ಹತ್ತಿರವೇ ಇವೆ. ಬೇರೆ ಕಡೆ ಹಾಕಿ ಡಿಎನ್‌ಎಸ್ ಬದಲಿಸಿದರೆ ಆಯ್ತು. ಪೋಸ್ಟರ್ ಮೇಲಿನ ಕ್ಯೂಆರ್ ಹಾಗೇ ಉಳಿಯುತ್ತೆ.

ಎರಡನೆಯದು, ಪ್ರಿವ್ಯೂ. ವಾಟ್ಸಾಪ್‌ನಲ್ಲಿ ಬರೀ ನೀಲಿ ಲಿಂಕ್ ಬಂದರೆ ಯಾರೂ ಒತ್ತಲ್ಲ. ಚಿತ್ರ, ಶೀರ್ಷಿಕೆ ಕಾಣಿಸಬೇಕಂದ್ರೆ ಪುಟದಲ್ಲಿ ಓಪನ್ ಗ್ರಾಫ್ ಟ್ಯಾಗ್‌ಗಳಿರಬೇಕು. ಚಿತ್ರದ ಅಳತೆ 1200 x 630 ಪಿಕ್ಸೆಲ್ ಇಟ್ಟುಕೊಳ್ಳಿ. ನಾವು ಎಡವೋದು ಒಂದು ಕಡೆ: ಎಲ್ಲವನ್ನೂ ರಿಯಾಕ್ಟ್‌ನಲ್ಲಿ ಬರೆದು, ಟ್ಯಾಗ್‌ಗಳನ್ನು ಜಾವಾಸ್ಕ್ರಿಪ್ಟ್‌ನಿಂದ ಸೇರಿಸ್ತೀವಿ. ಪ್ರಿವ್ಯೂ ತೆಗೆಯೋ ಬಾಟ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಓಡಿಸಲ್ಲ. ಟ್ಯಾಗ್ ಮೊದಲೇ ಎಚ್‌ಟಿಎಂಎಲ್‌ನಲ್ಲಿರಬೇಕು. ಸರಿಮಾಡಿದ ಮೇಲೂ ಫೇಸ್‌ಬುಕ್‌ನಲ್ಲಿ ಹಳೆಯ ಚಿತ್ರವೇ ಬರ್ತಿದ್ರೆ, ಅವರ ಶೇರಿಂಗ್ ಡಿಬಗ್ಗರ್‌ಗೆ ಲಿಂಕ್ ಕೊಟ್ಟು ಮತ್ತೆ ಓದಿಸಿ.

ಮೂರನೆಯದು, ಆಡಿಯೋದಿಂದ ವಿಡಿಯೋ. ರೀಲ್ಸ್‌ಗೆ ಬರೀ ಆಡಿಯೋ ಫೈಲ್ ಹಾಕೋಕೆ ಆಗಲ್ಲ. ಎಫ್‌ಎಫ್‌ಎಂಪೆಗ್‌ನ ಶೋವೇವ್ಸ್ ಫಿಲ್ಟರ್ ಹಾಡಿನ ಅಲೆಗಳನ್ನು ಚಿತ್ರವಾಗಿ ಬಿಡಿಸುತ್ತೆ. ಅದನ್ನು ಕವರ್ ಚಿತ್ರದ ಮೇಲೆ ಕೂರಿಸಿ, 1080 x 1920 ಅಳತೆಯಲ್ಲಿ ಮೂವತ್ತು ಸೆಕೆಂಡಿನ ತುಣುಕು ತೆಗೆಯೋಕೆ ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಯಾವ ಮೂವತ್ತು ಸೆಕೆಂಡು ಅನ್ನೋದನ್ನ ಮಾತ್ರ ಹಾಡಿದವನೇ ಹೇಳಬೇಕು. ನಾನು ಪಲ್ಲವಿಯಿಂದ ತೆಗೆದಿದ್ದೆ. ಅವನು ಎರಡನೇ ಚರಣ ಬೇಕು ಅಂದ. ಕೇಳಿದ ಮೇಲೆ ಅವನು ಹೇಳಿದ್ದೇ ಸರಿ ಅನಿಸ್ತು.

ನಾಲ್ಕನೆಯದು, ಪೋಸ್ಟ್ ಮಾಡೋದು. ಇನ್‌ಸ್ಟಾಗ್ರಾಂ ಎಪಿಐ ಮೂಲಕ ಪ್ರೊಫೆಷನಲ್ ಖಾತೆಗಳಿಂದ ಮಾತ್ರ ಪೋಸ್ಟ್ ಮಾಡಬಹುದು. ದೀರ್ಘಾವಧಿ ಟೋಕನ್ ಅಂದ್ರೂ ಅದರ ಆಯುಷ್ಯ 60 ದಿನ. ಮುಗಿಯೋಕೆ ಮುಂಚೆ ರಿಫ್ರೆಶ್ ಮಾಡೋ ಕೆಲಸವನ್ನ ಕ್ರಾನ್‌ಗೆ ಒಪ್ಪಿಸಿ. ಆದರೆ ಕಾಮೆಂಟ್‌ಗೆ ಉತ್ತರ ಕೊಡೋದನ್ನ ಆಟೊಮೇಟ್ ಮಾಡಬೇಡಿ. ಅಲ್ಲಿ ಜನ ಮಾತಾಡೋದು ಹಾಡಿದವನ ಜೊತೆ, ನಮ್ಮ ಸ್ಕ್ರಿಪ್ಟ್ ಜೊತೆ ಅಲ್ಲ.

ಇಷ್ಟಾದ್ರೂ ಹಾಡು ರಾತ್ರೋರಾತ್ರಿ ವೈರಲ್ ಆಗಿಲ್ಲ. ಟೂಲ್ ಕೇಳುಗರನ್ನು ಹುಟ್ಟಿಸಲ್ಲ, ಬಂದವರು ದಾರಿ ತಪ್ಪದ ಹಾಗೆ ನೋಡಿಕೊಳ್ಳುತ್ತೆ ಅಷ್ಟೇ. ಮುಂಚೆ ಪೋಸ್ಟ್ ಹಾಕೋದರಲ್ಲೇ ಕಳೀತಿದ್ದ ಭಾನುವಾರ ಈಗ ತಮ್ಮನಿಗೆ ರಿಯಾಜಿಗೆ ಸಿಗ್ತಿದೆ.

ನಿಮ್ಮ ಮನೆಯಲ್ಲೂ ಹಾಡೋರು, ನುಡಿಸೋರು ಇದ್ದರೆ ಒಂದು ವಾರಾಂತ್ಯ ಅವರಿಗೆ ಕೊಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.